ಒಂದೇ ಸ್ವರಕ್ಕೆ ಗುರುತು ಸಿಗಬೇಕು

ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ 100 ಶ್ರೇಷ್ಠ ಗಿಟಾರ್ ವಾದಕರ ಪಟ್ಟಿಯೊಂದನ್ನು ಪ್ರಕಟಿಸಿತು. ಜಿಮಿ ಹೆಂಡ್ರಿಕ್ಸ್ ಒಂದನೇ ಸ್ಥಾನ, ಡ್ವೇನ್ ಆಲ್ಮನ್ ಎರಡು, ಬಿ.ಬಿ. ಕಿಂಗ್ ಮೂರು. 20 ವರ್ಷ ಕಳೆದು 2023ರಲ್ಲಿ ಅದೇ ಪತ್ರಿಕೆ 250 ಹೆಸರುಗಳ ಹೊಸ ಪಟ್ಟಿ ತಂದಿತು. ಹೆಂಡ್ರಿಕ್ಸ್ ಕದಲಲಿಲ್ಲ. ಬಿ.ಬಿ. ಕಿಂಗ್ ಎಂಟಕ್ಕೆ ಇಳಿದ, ಆಲ್ಮನ್ ಹತ್ತಕ್ಕೆ ಜಾರಿದ. ಆಲ್ಮನ್ ಮೋಟರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದು 1971ರಲ್ಲಿ, 24ನೇ ವಯಸ್ಸಿಗೆ. ಸಮಾಧಿಯಲ್ಲಿರುವವನು ಎಂಟು ಸ್ಥಾನ ಕೆಳಗಿಳಿಯಬೇಕಾದರೆ ಈಚೆಗೆ ಅಲ್ಲೇನಾದರೂ ಅಪಸ್ವರ ನುಡಿಸಿರಬೇಕು!

ನಾನು ಮೈಸೂರಿನಲ್ಲಿ ಗಿಟಾರ್ ಹೇಳಿಕೊಡುವವನು. ಅದಕ್ಕೂ ಮೊದಲು ಆರ್ಕೆಸ್ಟ್ರಾದಲ್ಲಿದ್ದೆ. ಗಣಪತಿ ಪೆಂಡಾಲು, ಊರಹಬ್ಬ, ಡಿಸೆಂಬರ್ ಬಂದರೂ ಮುಗಿಯದ ರಾಜ್ಯೋತ್ಸವ. ‘ಪಲ್ಲವಿ ಅನುಪಲ್ಲವಿ’ಯ ಇಳಯರಾಜಾ ಹಾಡುಗಳಲ್ಲಿ ಗಿಟಾರ್ ಬಿಟ್ ಒಂದು ಚೂರು ಹೆಚ್ಚುಕಡಿಮೆಯಾದರೂ ಮುಂದಿನ ಸಾಲಿನವರಿಗೆ ಗೊತ್ತಾಗುತ್ತಿತ್ತು. ಕ್ಯಾಸೆಟ್‌ನಲ್ಲಿ ಇದ್ದ ಹಾಗೇ ಬರಬೇಕು, ಅಷ್ಟೇ. ನಮ್ಮ ಸ್ವಂತ ಕೈಚಳಕ ಯಾರಿಗೂ ಬೇಕಿರಲಿಲ್ಲ. ಆ ದುಡಿಮೆಯ ಬಗ್ಗೆ ನನಗೆ ಗೌರವವಿದೆ, ಮನೆ ನಡೆದದ್ದೇ ಅದರಿಂದ. ಆದರೆ ಇನ್ನೊಬ್ಬರ ಹಾಗೆ ನುಡಿಸುವುದು ಎಷ್ಟು ಸುಲಭ, ಇನ್ನೊಬ್ಬರ ಹಾಗೆ ಕೇಳಿಸದಿರುವುದು ಎಷ್ಟು ಕಷ್ಟ ಎಂಬುದು ಅಲ್ಲೇ ಅರ್ಥವಾಯಿತು.

ಈಗ ಹುಡುಗರು ಇಂಥ ಪಟ್ಟಿಗಳನ್ನು ಮೊಬೈಲ್‌ನಲ್ಲಿ ಹಿಡಿದುಕೊಂಡೇ ಕ್ಲಾಸಿಗೆ ಬರುತ್ತಾರೆ. ‘ಸರ್, ನಂಬರ್ ಒನ್ ಯಾರು? ಎಲ್ಲರಿಗಿಂತ ಫಾಸ್ಟ್ ಯಾರು?’ ಅಪ್ಪ ಅಮ್ಮಂದಿರದು ಬೇರೆ ಪ್ರಶ್ನೆ: ‘ಹೋಟೆಲ್ ಕ್ಯಾಲಿಫೋರ್ನಿಯಾ ನುಡಿಸೋಕೆ ಎಷ್ಟು ತಿಂಗಳು ಬೇಕು ಸಾರ್?’ ಇಬ್ಬರಿಗೂ ನಾನು ಹೇಳುವುದು ಒಂದೇ. ಶ್ರೇಷ್ಠತೆಗೆ ನನ್ನ ಪರೀಕ್ಷೆ ಬಹಳ ಸಣ್ಣದು. ಹೆಸರು ಹೇಳದೆ ರೆಕಾರ್ಡ್ ಹಾಕಬೇಕು. ಒಂದು ಸ್ವರ, ಹೆಚ್ಚೆಂದರೆ ಎರಡು, ಅಷ್ಟರಲ್ಲಿ ‘ಓ, ಇವನಾ!’ ಅನ್ನಿಸಬೇಕು. ಈ ಪರೀಕ್ಷೆಯಲ್ಲಿ ಪಾಸಾದವರ ಕಥೆಗಳನ್ನು ಕೆದಕುತ್ತಾ ಹೋದಾಗ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಆ ಗುರುತು ಹುಟ್ಟಿದ್ದು ಅವರ ಕೈಗೆ ಏನು ಬರುತ್ತಿತ್ತೋ ಅದಕ್ಕಿಂತ ಹೆಚ್ಚಾಗಿ ಏನು ಬರುತ್ತಿರಲಿಲ್ಲವೋ ಅದರಿಂದ.

ಬಿ.ಬಿ. ಕಿಂಗ್‌ನನ್ನೇ ನೋಡಿ. ಹುಟ್ಟಿದ್ದು 1925ರಲ್ಲಿ, ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ. ತಾಯಿಯ ಕಡೆಯ ನೆಂಟ ಬುಕ್ಕಾ ವೈಟ್ ಆ ಕಾಲದ ಹೆಸರಾಂತ ಬ್ಲೂಸ್ ಗಾಯಕ. ಅವನು ತಂತಿಯ ಮೇಲೆ ಲೋಹದ ಕೊಳವೆ ಜಾರಿಸಿ ಸ್ಲೈಡ್ ನುಡಿಸುತ್ತಿದ್ದ. ಹುಡುಗನಿಗೆ ಆ ಅಳುವ ನಾದದ ಹುಚ್ಚು ಹಿಡಿಯಿತು, ಆದರೆ ಸ್ಲೈಡ್ ಕೈಗೆ ಒಗ್ಗಲಿಲ್ಲ. ಅದೇ ಕಂಪನವನ್ನು ಬರಿಬೆರಳಿನಲ್ಲಿ ತರಲು ಹೊರಟ. ಅವನು ನುಡಿಸುವ ಯಾವುದೇ ವಿಡಿಯೊ ತೆಗೆದು ಎಡಗೈ ಮಾತ್ರ ನೋಡಿ. ತಂತಿಯನ್ನು ಒತ್ತಿದ ಬೆರಳು ನಿಂತಲ್ಲೇ ನಿಂತಿರುತ್ತದೆ, ಹೆಬ್ಬೆರಳು ಗಿಟಾರಿನ ಕತ್ತನ್ನು ಬಿಟ್ಟಿರುತ್ತದೆ, ಉಳಿದ ಕೈಯೆಲ್ಲ ಆ ಒಂದು ಬೆರಳ ತುದಿಯ ಸುತ್ತ ಪಟಪಟ ಅಲ್ಲಾಡುತ್ತದೆ. ಸ್ವರಕ್ಕೆ ಅಲ್ಲಿ ಜೀವ ಬರುತ್ತದೆ. ಇನ್ನೊಂದು: ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡ್ ಅವನಿಗೆ ಬರುತ್ತಿರಲಿಲ್ಲ, ಹಾಡುತ್ತಾ ನುಡಿಸಲೂ ಆಗುತ್ತಿರಲಿಲ್ಲ. ಇದನ್ನವನು ಮುಚ್ಚಿಡಲಿಲ್ಲ, ನಗುತ್ತಲೇ ಹೇಳಿಕೊಂಡ. ಹಾಗಾಗಿ ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ, ಗಿಟಾರ್ ಉತ್ತರ ಕೊಡುತ್ತದೆ. ಅದು ಮುಗಿದ ಮೇಲೆ ಮತ್ತೆ ಇವನ ಸರದಿ. ಇಬ್ಬರು ಮಾತಾಡಿದ ಹಾಗೆ. ಗಿಟಾರಿಗೆ ‘ಲೂಸಿಲ್’ ಎಂದು ಹೆಸರಿಟ್ಟಿದ್ದ. ಅರ್ಕಾನ್ಸಾ ರಾಜ್ಯದ ಟ್ವಿಸ್ಟ್ ಎಂಬ ಊರಿನ ಡಾನ್ಸ್ ಹಾಲ್‌ನಲ್ಲಿ ಇಬ್ಬರು ಹೊಡೆದಾಡಿ ಸೀಮೆಎಣ್ಣೆಯ ಡಬ್ಬ ಉರುಳಿಸಿ ಬೆಂಕಿ ಹತ್ತಿದಾಗ, ಹೊರಗೆ ಓಡಿಬಂದವನು ಮತ್ತೆ ಒಳನುಗ್ಗಿ ಗಿಟಾರ್ ತಂದ. ಜಗಳವಾದದ್ದು ಲೂಸಿಲ್ ಎಂಬ ಹೆಂಗಸಿಗಾಗಿ ಎಂದು ಮಾರನೆಯ ದಿನ ತಿಳಿಯಿತು. ಇನ್ನು ಇಂಥ ಹುಚ್ಚಾಟ ಮಾಡಬಾರದು ಎಂದು ತನಗೇ ನೆನಪಿಸಿಕೊಳ್ಳಲು ಆ ಹೆಸರು.

ಅದೇ ಅಡ್ಡಹೆಸರಿನ ಆಲ್ಬರ್ಟ್ ಕಿಂಗ್ ಅವನ ಸಂಬಂಧಿಯೇನಲ್ಲ. ಆರಡಿ ದಾಟಿದ ಆಳು, ಎಡಚ. ಬಲಗೈಯವರ ಗಿಟಾರನ್ನು ತಿರುಗಿಸಿ ಹಿಡಿದ, ತಂತಿಗಳನ್ನು ಬದಲಿಸಿ ಕಟ್ಟುವ ಗೋಜಿಗೆ ಹೋಗಲಿಲ್ಲ. ಪರಿಣಾಮ, ದಪ್ಪ ತಂತಿ ಕೆಳಗೆ ಬಂತು, ಸಣ್ಣ ತಂತಿ ಮೇಲೆ ಹೋಯಿತು. ನಾವೆಲ್ಲ ಸಣ್ಣ ತಂತಿಯನ್ನು ಬೆಂಡ್ ಮಾಡಲು, ಅಂದರೆ ಸ್ವರ ಏರಿಸಲು, ಮೇಲಕ್ಕೆ ತಳ್ಳುತ್ತೇವೆ. ಅವನು ಕೆಳಕ್ಕೆ, ಅಂಗೈ ಕಡೆಗೆ ಎಳೆಯುತ್ತಿದ್ದ. ತಳ್ಳುವುದಕ್ಕಿಂತ ಎಳೆಯುವುದರಲ್ಲಿ ಕೈಗೆ ಬಲ ಹೆಚ್ಚು. ಶ್ರುತಿಯನ್ನೂ ಇಳಿಸಿಕೊಂಡಿದ್ದರಿಂದ ತಂತಿ ಸಡಿಲ. ಪಿಕ್ ಮುಟ್ಟುತ್ತಿರಲಿಲ್ಲ, ಹೆಬ್ಬೆರಳಿನಲ್ಲೇ ಮೀಟು. ಅವನ ಬತ್ತಳಿಕೆಯಲ್ಲಿದ್ದ ನುಡಿಗಟ್ಟುಗಳು ಬೆರಳೆಣಿಕೆಯಷ್ಟು, ಅದರಲ್ಲೇ ಜೀವಮಾನ ಕಳೆದ. 1967ರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ಆಲ್ಬಂ ಕೇಳಿದ ಗಿಟಾರಿಗರು ಅವನ್ನು ಹಾಗ್ಹಾಗೇ ಎತ್ತಿಕೊಂಡರು, ಎರಿಕ್ ಕ್ಲಾಪ್ಟನ್ ಸೇರಿ. ಎಲ್ಲರಿಗಿಂತ ಹೆಚ್ಚು ಎತ್ತಿಕೊಂಡವನು ಟೆಕ್ಸಸ್‌ನ ಸ್ಟೀವಿ ರೇ ವಾನ್. 1983ರ ಡಿಸೆಂಬರ್‌ನಲ್ಲಿ ಕೆನಡಾದ ಟಿವಿ ಸ್ಟುಡಿಯೊದಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಗುರುವಿಗೆ 60, ಶಿಷ್ಯನಿಗೆ 29. ಸ್ಟೀವಿ ಹತ್ತು ಸ್ವರದಲ್ಲಿ ಹೇಳಿದ್ದನ್ನು ಮುದುಕ ಒಂದೇ ಎಳೆತದಲ್ಲಿ ಹೇಳಿ ಸುಮ್ಮನಾಗುತ್ತಾನೆ. ಸ್ಟೀವಿಯೇನು ಕಡಿಮೆಯವನಲ್ಲ. ಬೇರೆಯವರು ಒತ್ತಲೂ ಹೆದರುವಷ್ಟು ದಪ್ಪ ತಂತಿ ಹಾಕುತ್ತಿದ್ದ, ಬೆರಳಿನ ಚರ್ಮ ಕಿತ್ತುಬಂದರೆ ಸೂಪರ್ ಗ್ಲೂ ಹಚ್ಚಿಕೊಂಡು ಕಛೇರಿ ಮುಗಿಸುತ್ತಿದ್ದ. ಆದರೂ ಆ ದಿನ ಗೆದ್ದದ್ದು ಮುದುಕನೇ, ನನ್ನ ಲೆಕ್ಕದಲ್ಲಿ.

ಟೋನಿ ಅಯೋಮಿಯ ಕಥೆ ಇನ್ನೂ ಕ್ರೂರ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗ, ವಯಸ್ಸು 17. ಸಂಗೀತವನ್ನೇ ನಂಬಿ ಕೆಲಸ ಬಿಟ್ಟಿದ್ದ, ಅದು ಕೊನೆಯ ದಿನ. ಯಂತ್ರ ಅವನ ಬಲಗೈಯ ಎರಡು ನಡುಬೆರಳುಗಳ ತುದಿಯನ್ನು ಕಿತ್ತುಹಾಕಿತು. ಎಡಚನಾದ್ದರಿಂದ ತಂತಿ ಒತ್ತುವ ಕೈ ಅದೇ. ಮನೆಯಲ್ಲಿ ಕೂತು ಕೊರಗುತ್ತಿದ್ದವನಿಗೆ ಕಾರ್ಖಾನೆಯ ಮೇಲಧಿಕಾರಿ ಜಾಂಗೊ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದ. ಜಾಂಗೊ 1928ರಲ್ಲಿ ತನ್ನ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಹೋದ ಮೇಲೆ, ಉಳಿದ ಎರಡರಲ್ಲೇ ಯೂರೋಪಿನ ಜಾಝ್ ಲೋಕವನ್ನು ಬೆರಗುಗೊಳಿಸಿದವನು. ಟೋನಿ ಎದ್ದು ಕೂತ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿದ, ಬೆಸುಗೆ ಕಡ್ಡಿಯಿಂದ ತೂತು ಕೊರೆದ, ಬೆರಳಿಗೆ ಕೂರುವವರೆಗೆ ಉಜ್ಜಿದ, ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ಆ ಟೋಪಿ ಹಾಕಿದ ಬೆರಳಿಗೆ ತಂತಿಯ ಸ್ಪರ್ಶ ತಿಳಿಯುವುದಿಲ್ಲ. ಒತ್ತಡ ಎಷ್ಟೆಂದು ಕಿವಿಯೇ ಹೇಳಬೇಕು. ತೆಳು ತಂತಿ ಬೇಕಾಯಿತು, ಅಂಗಡಿಯಲ್ಲಿ ಸಿಗದಾಗ ಬ್ಯಾಂಜೊ ತಂತಿ ಹಾಕಿದ. ಮುಂದೆ ಶ್ರುತಿಯನ್ನೇ ಇಳಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಹಲವು ಹಾಡುಗಳಲ್ಲಿ ಅದು ಮೂರು ಸೆಮಿಟೋನ್ ಕೆಳಗಿದೆ. ಅವನ ಬ್ಲ್ಯಾಕ್ ಸಬ್ಬತ್ ತಂಡದ ಆ ಭಾರದ, ನೆಲ ನಡುಗಿಸುವ ನಾದದ ಒಂದು ಮೂಲ ಇಲ್ಲಿದೆ. ಇಂದು ಲೋಕದಾದ್ಯಂತ ಹೆವಿ ಮೆಟಲ್ ಹುಡುಗರು, ಬೆಂಗಳೂರಿನವರೂ ಸೇರಿ, ಹತ್ತೂ ಬೆರಳು ನೆಟ್ಟಗಿದ್ದರೂ ಶ್ರುತಿ ಇಳಿಸಿ ನುಡಿಸುತ್ತಾರೆ.

ಗಾಯಕಿ ಜೋನಿ ಮಿಚೆಲ್‌ಗೆ ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗೈ ಸೊರಗಿತ್ತು. ಕಷ್ಟದ ಕಾರ್ಡ್ ಹಿಡಿಯಲಾಗದೆ ತಂತಿಗಳನ್ನೇ ತನಗೆ ಬೇಕಾದಂತೆ ಶ್ರುತಿ ಮಾಡಿಕೊಂಡಳು. ಆಕೆಯ ಹಾಡುಗಳ ಸ್ವರಮೇಳವನ್ನು ಮಾಮೂಲಿ ಟ್ಯೂನಿಂಗ್‌ನಲ್ಲಿ ಹುಡುಕಲು ಹೋದ ನನ್ನಂಥವರ ಪಾಡು ಕೇಳಬೇಡಿ.

ಹಾಗೆಂದು ಬೆರಳು ಕತ್ತರಿಸಿಕೊಂಡವರೆಲ್ಲ ಮಹಾನ್ ಕಲಾವಿದರಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅದೇ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡು ಹೇಳಹೆಸರಿಲ್ಲದೆ ಹೋದವರು ಎಷ್ಟು ಜನವೋ. ಕೊರತೆಯ ಜೊತೆಗೆ ಹಟ ಬೇಕು, ಕಿವಿ ಬೇಕು, ತಲೆಯೊಳಗೆ ಮೊದಲೇ ಕೇಳಿಸುವ ಒಂದು ನಾದ ಬೇಕು. ಕೆಲವರಿಗೆ ಕೊರತೆ ಕೈಯಲ್ಲಿರದೆ ಜೇಬಿನಲ್ಲಿತ್ತು. ಲಂಡನ್ನಿನ ಬ್ರಯಾನ್ ಮೇ 1963ರಲ್ಲಿ ಶಾಲಾ ಹುಡುಗ. ಅಂಗಡಿಯ ಗಿಟಾರ್ ಕೊಳ್ಳಲು ದುಡ್ಡಿಲ್ಲ. ಅಪ್ಪ ಎಲೆಕ್ಟ್ರಾನಿಕ್ಸ್ ಬಲ್ಲವರು. ಅಪ್ಪ ಮಗ ಸೇರಿ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಕತ್ತು ಕೆತ್ತಿದರು, ಹಳೇ ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳಿಂದ ಟ್ರೆಮೊಲೊ ಮಾಡಿದರು, ಅದರ ಹಿಡಿಯ ತುದಿಗೆ ಅಮ್ಮನ ಉಲ್ಲನ್ ಹೆಣೆಯುವ ಕಡ್ಡಿಯ ಚೂರು, ಫ್ರೆಟ್‌ಗಳ ನಡುವಿನ ಚುಕ್ಕಿಗೆ ಮುತ್ತಿನ ಚಿಪ್ಪಿನ ಗುಂಡಿಗಳು. ಪಿಕ್ ಬದಲು ಆರು ಪೆನ್ಸ್ ನಾಣ್ಯ. ಅವನ ಕ್ವೀನ್ ತಂಡದ ಹಾಡುಗಳಲ್ಲೆಲ್ಲ ಕೇಳುವುದು ಬಹುತೇಕ ಆ ಗಿಟಾರೇ. ನಡುವೆ ಬಿಟ್ಟಿದ್ದ ಖಭೌತಶಾಸ್ತ್ರದ ಪಿಎಚ್.ಡಿಯನ್ನು ಬ್ರಯಾನ್ 2007ರಲ್ಲಿ ಮುಗಿಸಿದ ಎಂಬುದನ್ನು ಅಪ್ಪ ಅಮ್ಮಂದಿರ ಸಮಾಧಾನಕ್ಕೆ ಹೇಳಿಬಿಡುತ್ತೇನೆ.

ನನ್ನ ತಕರಾರು ಇರುವುದು ಇಲ್ಲಿ. ಇವತ್ತು ಹುಡುಗನೊಬ್ಬ ಕಲಿಯಲು ಕೂತರೆ ಎಲ್ಲವೂ ಸಿದ್ಧವಾಗಿದೆ. ಟ್ಯಾಬ್ ಇದೆ, ನಿಧಾನ ಮಾಡಿ ತೋರಿಸುವ ವಿಡಿಯೊ ಇದೆ, ಯಾವ ಬೆರಳು ಎಲ್ಲಿ ಎಂಬ ಅಂಕಿ ಇದೆ, ವರ್ಷಕ್ಕೊಂದು ಗ್ರೇಡ್ ಪರೀಕ್ಷೆ ಇದೆ. ಒಳ್ಳೆಯದೇ. ಕ್ಯಾಸೆಟ್ ಹಿಂದೆ ಮುಂದೆ ತಿರುಗಿಸಿ ಟೇಪ್ ಸವೆಸಿಕೊಂಡ ನಮಗೆ ಇವೆಲ್ಲ ಸ್ವರ್ಗ. ಆದರೆ ಪರೀಕ್ಷಕನಿಗೆ ಅಂಕ ಕೊಡಲು ಸುಲಭವಾಗುವುದು ವೇಗಕ್ಕೆ, ತಪ್ಪಿಲ್ಲದ್ದಕ್ಕೆ. ಬೆಂಡ್ ಮಾಡಿದ ಸ್ವರ ಗುರಿ ಮುಟ್ಟುವ ಮೊದಲು ಕೂದಲೆಳೆಯಷ್ಟು ಹಿಂದೆ ನಿಂತು ಕಾಯುತ್ತದಲ್ಲ, ಬ್ಲೂಸ್‌ನ ಪ್ರಾಣವೇ ಇರುವ ಆ ಜಾಗಕ್ಕೆ ಯಾವ ಕಾಲಂನಲ್ಲಿ ಅಂಕ ಹಾಕುತ್ತೀರಿ? ಬಿ.ಬಿ. ಕಿಂಗ್ ಬಂದು ಕೂತರೆ ಕಾರ್ಡ್ ವಿಭಾಗದಲ್ಲೇ ಫೇಲ್.

ವೇಗವೇ ಪಾಪ ಎಂದು ವಾದಿಸುವ ಹಿರಿಯರ ಗುಂಪಿಗೂ ನಾನು ಸೇರಿದವನಲ್ಲ. ಎಡ್ಡಿ ವಾನ್ ಹೇಲನ್ 1978ರಲ್ಲಿ ‘ಇರಪ್ಷನ್’ ಎಂಬ ಎರಡು ನಿಮಿಷವೂ ಇಲ್ಲದ ತುಣುಕಿನಲ್ಲಿ ಎರಡೂ ಕೈಗಳಿಂದ ಫ್ರೆಟ್‌ಗಳನ್ನು ತಟ್ಟಿ ನುಡಿಸಿದಾಗ ಅದರಲ್ಲಿ ಖುಷಿ ಇತ್ತು, ಪುಂಡಾಟವಿತ್ತು. ಅವನ ಹಿಂದೆ ಬಂದ ನೂರಾರು ಜನರು ತಟ್ಟುವುದನ್ನು ಮಾತ್ರ ಕಲಿತರು. ಟೈಪಿಂಗ್ ಕ್ಲಾಸಿನ ಸದ್ದು.

ಹೆಂಡ್ರಿಕ್ಸ್ ವಿಷಯದಲ್ಲೂ ಜನರಿಗೆ ನೆನಪಿರುವುದು 1967ರಲ್ಲಿ ಮಾಂಟೆರೆಯ ವೇದಿಕೆಯಲ್ಲಿ ಗಿಟಾರಿಗೆ ಬೆಂಕಿ ಹಚ್ಚಿದ್ದು. ನನ್ನನ್ನು ಹಿಡಿದದ್ದು ಬೇರೆ. ಆರ್ಕೆಸ್ಟ್ರಾದಲ್ಲಿ ಮೈಕ್ ‘ಕೂಂಯ್’ ಎಂದರೆ ಸೌಂಡ್ ಸಿಸ್ಟಂನವನು ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದ. ಎಲೆಕ್ಟ್ರಿಕ್ ಗಿಟಾರಿನಲ್ಲೂ ಅದೇ: ಸ್ಪೀಕರಿನ ಸದ್ದು ತಂತಿಯನ್ನು ಅಲುಗಿಸುತ್ತದೆ, ಆ ಅಲುಗಾಟ ಪಿಕಪ್‌ನಿಂದ ಆಂಪ್‌ಗೆ ಹೋಗಿ ಮತ್ತೆ ಸ್ಪೀಕರಿಗೆ ಬರುತ್ತದೆ, ಸುತ್ತು ನಿಲ್ಲುವುದೇ ಇಲ್ಲ. ಎಲ್ಲರೂ ಓಡಿಸಲು ನೋಡುತ್ತಿದ್ದ ಈ ಫೀಡ್‌ಬ್ಯಾಕನ್ನು ಹೆಂಡ್ರಿಕ್ಸ್ ಕರೆದು ಕೂರಿಸಿದ. ಆಂಪ್‌ಗೆ ಎಷ್ಟು ದೂರ, ಯಾವ ಕೋನದಲ್ಲಿ ನಿಂತರೆ ಯಾವ ಸ್ವರ ಕೂಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. 1969ರ ಆಗಸ್ಟ್ 18ರ ಬೆಳಗ್ಗೆ ವುಡ್‌ಸ್ಟಾಕ್‌ನಲ್ಲಿ ಅಮೆರಿಕದ ರಾಷ್ಟ್ರಗೀತೆ ಎತ್ತಿಕೊಂಡ. ವಿಯೆಟ್ನಾಂ ಯುದ್ಧದ ಕಾಲ. ರಾಗದ ನಡುವೆ ಬಾಂಬು ಬೀಳುವ ಸದ್ದು, ಸೈರನ್, ಆಮೇಲೆ ಸೈನಿಕರ ಅಂತ್ಯಸಂಸ್ಕಾರದಲ್ಲಿ ಊದುವ ಕಹಳೆಯ ನುಡಿ, ಎಲ್ಲವೂ ಆರು ತಂತಿಯಲ್ಲಿ. ಅವನೇ ಒಂದು ಕಾಲಕ್ಕೆ ಪ್ಯಾರಾಚೂಟ್ ದಳದ ಸಿಪಾಯಿ. ಒಂದು ಮಾತೂ ಹಾಡದೆ ಅಷ್ಟು ಹೇಳಿದ ಇನ್ನೊಂದು ರೆಕಾರ್ಡ್ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿ, ನನ್ನ ಇಷ್ಟದವನು ಯಾರು ಎಂದರೆ ಜೆಫ್ ಬೆಕ್. 2023ರ ಜನವರಿಯಲ್ಲಿ ತೀರಿಕೊಂಡ. ಸುಮಾರು ನಡುವಯಸ್ಸಿಗೆ ಬಂದಾಗ, ಹೆಸರು ದುಡ್ಡು ಎಲ್ಲ ಆದಮೇಲೆ, ಪಿಕ್ ಬಿಸಾಕಿ ಬರಿಗೈಗೆ ಇಳಿದ. ಅವನ ಬಲಗೈಯನ್ನು ನಿಧಾನವಾಗಿ ನೋಡಬೇಕು. ಹೆಬ್ಬೆರಳು ಮೀಟುತ್ತದೆ. ಕಿರುಬೆರಳು ವಾಲ್ಯೂಮ್ ಗುಂಡಿಯ ಮೇಲಿದೆ: ಮೀಟುವಾಗ ಸೊನ್ನೆ, ಮೀಟಿದ ಮೇಲೆ ಏರಿಸುತ್ತಾನೆ. ಹಾಗಾಗಿ ‘ಟಣ್’ ಎಂಬ ಏಟು ಕೇಳದೆ, ಕಮಾನು ಎಳೆದಂತೆ ಸ್ವರ ಎಲ್ಲಿಂದಲೋ ಹುಟ್ಟಿ ಬರುತ್ತದೆ. ಅಂಗೈಯಲ್ಲಿ ಟ್ರೆಮೊಲೊ ಹಿಡಿ, ಅದನ್ನು ಒತ್ತಿ ಎತ್ತಿ ಸ್ವರವನ್ನು ಜಾರಿಸುತ್ತಾನೆ. ನಿತಿನ್ ಸಾಹ್ನಿ 1999ರ ಆಲ್ಬಂನಲ್ಲಿ ‘ನಾಡಿಯಾ’ ಎಂಬ ರಚನೆ ಮಾಡಿದ್ದರು, ಸ್ವಾತಿ ನಾಟೇಕರ್ ಹಿಂದೂಸ್ತಾನಿ ಶೈಲಿಯಲ್ಲಿ ಹಾಡಿದ್ದರು. 2001ರಲ್ಲಿ ಬೆಕ್ ಆ ಗಾಯನವನ್ನು ಗಿಟಾರಿಗೆ ಇಳಿಸಿದ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೀಂಡ್, ಮುರ್ಕಿ ಎಂದು ನಮ್ಮವರು ಹೆಸರಿಸುವುದೆಲ್ಲ ಅಲ್ಲಿದೆ.

ಇಲ್ಲಿಗೆ ಬಂದರೆ ಸಾಕು, ಸಂಗೀತ ಬಲ್ಲ ಗೆಳೆಯರು ಶುರು ಮಾಡುತ್ತಾರೆ: ‘ನೋಡಿ, ಎಲ್ಲ ನಮ್ಮಲ್ಲೇ ಇತ್ತು!’ ಮೈಸೂರು ವೀಣೆಯ ಊರು, ಈ ಮಾತು ತಪ್ಪಿದ್ದಲ್ಲ. ತಂತ್ರದಲ್ಲಿ ಹೋಲಿಕೆ ಇದೆ, ನಿಜ. ವೀಣೆಯಲ್ಲಿ ಮೇಣದ ಮೇಲೆ ಎತ್ತರಿಸಿ ಕೂರಿಸಿದ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಿನಲ್ಲಿ ಮೂರು ನಾಲ್ಕು ಸ್ವರ ತೆಗೆಯುತ್ತಾರೆ. ಗಿಟಾರಿಗ ಜಾನ್ ಮೆಕ್‌ಲಾಫ್ಲಿನ್ ಈ ತಂತ್ರವನ್ನು ಕದ್ದುಮುಚ್ಚಿ ಎತ್ತಿಕೊಳ್ಳಲಿಲ್ಲ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ವಾನ್ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತು, ‘ಶಕ್ತಿ’ ತಂಡಕ್ಕಾಗಿ ಫ್ರೆಟ್‌ಗಳ ನಡುವಿನ ಮರವನ್ನು ತಗ್ಗಾಗಿ ಕೆತ್ತಿದ ಗಿಟಾರ್ ಮಾಡಿಸಿಕೊಂಡರು. ಸ್ಲೈಡ್‌ನಲ್ಲಿ ಈಗಿನವರ ಪೈಕಿ ಅಗ್ರಗಣ್ಯನಾದ ಡೆರೆಕ್ ಟ್ರಕ್ಸ್ ತಾನು ಅಲಿ ಅಕ್ಬರ್ ಖಾನರ ಸರೋದ್‌ನಿಂದ ಕಲಿತೆ ಎಂದು ಹೇಳಿಕೊಳ್ಳುತ್ತಾನೆ. ಇಂಥವರ ಋಣ ಲೆಕ್ಕಕ್ಕಿದೆ. ಆದರೆ ಬ್ಲೂಸ್‌ನ ಎಳೆತ ನಮ್ಮಿಂದ ಹೋದದ್ದಲ್ಲ. ಗುಲಾಮರ ಮಕ್ಕಳು ಮೊಮ್ಮಕ್ಕಳು ಹತ್ತಿ ಬಿಡಿಸುತ್ತಾ ಕೂಗಿದ ಕೂಗು ಅದು. ಗಿಟಾರ್ ಕೊಳ್ಳಲಾಗದ ಹುಡುಗರು ಗೋಡೆಗೆ ಎರಡು ಮೊಳೆ ಹೊಡೆದು ಒಂದು ತಂತಿ ಬಿಗಿದು ಬಾಟಲಿ ಜಾರಿಸಿ ಕಲಿತದ್ದು. ಡ್ವೇನ್ ಆಲ್ಮನ್ ಕೂಡ ಜಾರಿಸಿದ್ದು ನೆಗಡಿ ಮಾತ್ರೆಯ ಖಾಲಿ ಗಾಜಿನ ಸೀಸೆಯನ್ನೇ. ಹತ್ತಿ ಹೊಲಗಳ ಆ ನೋವಿಗೆ ನಾವು ವಾರಸುದಾರರಾಗಲು ಹೋಗುವುದು ಮರ್ಯಾದೆಯಲ್ಲ.

ಪಕ್ಕಪಕ್ಕದಲ್ಲಿಟ್ಟು ಕೇಳಲು ಅಡ್ಡಿಯಿಲ್ಲ. ಹಾಗೆ ಇಟ್ಟವರಿದ್ದಾರೆ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ ಟೆಕ್ಸಸ್‌ನ ಕುರುಡ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಧ್ವನಿಮುದ್ರಿಸಿದ ಸ್ಲೈಡ್ ಗಿಟಾರ್ ಇದೆ, ಪದಗಳಿಲ್ಲ, ಬರೀ ಗುನುಗು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ಪಟ್ಟಿಗಳಿಂದ ಒಂದೇ ಒಂದು ಉಪಕಾರವಾಗಿದೆ, ಅದನ್ನೂ ಹೇಳಬೇಕು. 2003ರ ನೂರು ಜನರಲ್ಲಿ ಹೆಂಗಸರು ಇಬ್ಬರೇ. ಸಿಸ್ಟರ್ ರೊಸೆಟಾ ಥಾರ್ಪ್ ಹೆಸರೇ ಇರಲಿಲ್ಲ. 2023ರಲ್ಲಿ ಆರನೇ ಸ್ಥಾನ. ಎಲ್ವಿಸ್‌ಗಿಂತ ಎಷ್ಟೋ ವರ್ಷ ಮೊದಲೇ ಭಜನೆಯಂಥ ಗಾಸ್ಪೆಲ್ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್ ತಗುಲಿಸಿ ಗುಡುಗಿದವಳು. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹಳೆಯ ರೈಲು ನಿಲ್ದಾಣವೊಂದರಲ್ಲಿ ಟಿವಿಗಾಗಿ ಕಛೇರಿ ಇಟ್ಟಿದ್ದರು. ಜನ ಒಂದು ಪ್ಲಾಟ್‌ಫಾರಂನಲ್ಲಿ, ಕಲಾವಿದರು ಎದುರಿನದರಲ್ಲಿ, ನಡುವೆ ಹಳಿ. ಮಳೆ ಸುರಿದಿತ್ತು. ಆಕೆ ಕೋಟು ತೊಟ್ಟು, ಕುದುರೆಗಾಡಿಯಿಂದ ಇಳಿದು, ಮಳೆಯ ಹಾಡನ್ನೇ ಎತ್ತಿಕೊಂಡಳು. ನಡುವೆ ಬರುವ ಸೋಲೊ ಪಕ್ಕಾ ರಾಕ್. ನನ್ನ ಕ್ಲಾಸಿನ ಹೆಣ್ಣುಮಕ್ಕಳಿಗೆ ಮೊದಲು ತೋರಿಸುವ ವಿಡಿಯೊ ಅದು. ಗಂಡುಹುಡುಗರಿಗೆ ಇನ್ನೂ ಮೊದಲು.

ಕೊನೆಗೆ ಒಂದು ಉಪಯೋಗದ ಮಾತು, ಅಪ್ಪ ಅಮ್ಮಂದಿರು ಮೇಲಿಂದ ಮೇಲೆ ಕೇಳುವುದು. ‘ಮಗ ಎಡಚ ಸಾರ್, ಯಾವ ಗಿಟಾರ್ ಕೊಡಿಸಲಿ?’ ಎಡಗೈಯವರ ಗಿಟಾರ್ ನಮ್ಮೂರ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಆಯ್ಕೆಗೆ ಎರಡೋ ಮೂರೋ. ಎಡಚನಾದ ಹೆಂಡ್ರಿಕ್ಸ್ ಬಲಗೈ ಗಿಟಾರನ್ನು ತಿರುಗಿಸಿ ತಂತಿ ಬದಲಿಸಿಕೊಂಡ. ಆಲ್ಬರ್ಟ್ ಕಿಂಗ್ ತಿರುಗಿಸಿದ, ತಂತಿ ಮುಟ್ಟಲಿಲ್ಲ. 2005ರಲ್ಲಿ ಬೆಂಗಳೂರಿಗೂ ಬಂದು ನುಡಿಸಿದ ಮಾರ್ಕ್ ನಾಫ್ಲರ್ ಎಡಚನಾದರೂ ಬಲಗೈಯವರ ಹಾಗೇ ಹಿಡಿದ, ಪಿಕ್ ಬಿಟ್ಟು ಮೂರು ಬೆರಳಲ್ಲಿ ಮೀಟುತ್ತಾನೆ. ಮೂರೂ ಸರಿ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ ಯಾವುದಾದರೂ ಒಂದು ಗಿಟಾರ್ ಕೈಗೆ ಕೊಡಿ, ಐದು ನಿಮಿಷ ಯಾರೂ ಬಾಯಿ ಹಾಕಬೇಡಿ. ಅವನು ಹೇಗೆ ಹಿಡಿಯುತ್ತಾನೋ ಹಾಗೇ ಬರಲಿ. ತಂತಿ ಬದಲಿಸಬೇಕಾದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್ ಕೂಡ ಬದಲಿಸಬೇಕಾಗುತ್ತದೆ, ಅದಕ್ಕೆ ದೊಡ್ಡ ಖರ್ಚೇನೂ ಬೀಳುವುದಿಲ್ಲ.